ಅದು ಫಂಗಸ್ ಅಲ್ಲ, ಪೆನ್ಸಿಲ್ ಗೆರೆ

ಹಳೆ ಪೋಸ್ಟ್‌ಕಾರ್ಡ್ ಕೂಡಿಡುವ ಹುಚ್ಚು ನನಗೆ. ಅದರಲ್ಲೂ 1900ರ ಆಸುಪಾಸಿನ ಪ್ಯಾರಿಸ್ ನಟಿಯರು, ನರ್ತಕಿಯರ ಕಾರ್ಡು ಅಂದ್ರೆ ಮುಗೀತು. ಈಗ ಹೇಳುತ್ತಿರುವುದು ರಾಯ್ಟ್‌ಲಿಂಗರ್ ಸ್ಟುಡಿಯೋ ತೆಗೆದ ಕ್ಲೇಯೋ ದ ಮೆರೋದ್ ಕಾರ್ಡಿನ ಕಥೆ. ಪ್ಯಾರಿಸ್ ಒಪೆರಾದ ಬ್ಯಾಲೆ ನರ್ತಕಿ ಈಕೆ. ನಡುಬೈತಲೆ, ಕಿವಿ ಮುಚ್ಚುವ ಕೂದಲು. ಇವಳಿಗೆ ಕಿವಿಯೇ ಇಲ್ಲ ಅಂತ ಆಗ ಗುಸುಗುಸು ಇತ್ತಂತೆ!

ಮೊದಲು ಸುಮ್ನೆ ಸ್ಕ್ಯಾನರ್‌ಗೆ ಹಾಕಿದೆ. ಕಪ್ಪು ಇರಬೇಕಾದ ಕಡೆಯೆಲ್ಲ ನೀಲಿ ಹೊಳಪು. ಪ್ರಿಂಟಿನೊಳಗಿನ ಬೆಳ್ಳಿ ಕಾಲಕ್ರಮೇಣ ಮೇಲಕ್ಕೆ ಬಂದು ಕನ್ನಡಿಯ ಹಾಗೆ ಮಿಂಚುತ್ತೆ, ಅದಕ್ಕೆ. ಆಮೇಲೆ ಕಾರ್ಡನ್ನು ಮೇಜಿನ ಮೇಲಿಟ್ಟು, ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ಲೈಟ್ ಬಿಟ್ಟು, ಲೈಟಿಗೂ ಲೆನ್ಸಿಗೂ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿ, ಹೊಳಪು ಮಾಯವಾಗುವವರೆಗೆ ಲೆನ್ಸಿನದನ್ನು ತಿರುಗಿಸಿ ಫೋಟೋ ತೆಗೆದೆ.

ದೊಡ್ಡದು ಮಾಡಿ ನೋಡಿದರೆ ಕಣ್ಣಿನ ಕೆಳಗೆ, ಕತ್ತಿನ ಮೇಲೆ ಸಣ್ಣ ಸಣ್ಣ ಬಿಳಿ ಗೀರು. ಫಂಗಸ್ ಅಂದುಕೊಂಡೆ. ಎರಡು ರಾತ್ರಿ ಕಂಪ್ಯೂಟರ್ ಮುಂದೆ ಕೂತು, ಕಲೆ ಅಳಿಸುವ ಹೀಲಿಂಗ್ ಬ್ರಷ್ ಟೂಲ್‌ನಲ್ಲಿ ಒರೆಸಿದೆ. ಮುಖ ಮೈದಾಹಿಟ್ಟು ಮೆತ್ತಿದ ಹಾಗಾಯಿತು.

ಕೊನೆಗೆ ಕಾರ್ಡನ್ನೇ ಭೂತಗನ್ನಡಿಯಲ್ಲಿ ನೋಡಿದೆ. ಅಚ್ಚಿನ ಚುಕ್ಕೆಗಳಿಲ್ಲ, ಅಂದರೆ ಇದು ನಿಜವಾದ ಫೋಟೋ ಪ್ರಿಂಟು. ಗೀರುಗಳು ಮುಖದ ಉಬ್ಬುತಗ್ಗಿನ ಜೊತೆಗೇ ಬಾಗುತ್ತಿದ್ದವು. ಫಂಗಸ್‌ಗೆ ಅಷ್ಟು ಕಲೆ ಎಲ್ಲಿಂದ ಬರಬೇಕು? ಆ ಕಾಲದ ಸ್ಟುಡಿಯೋಗಳ ಹೆಚ್ಚಿನ ಗಾಜಿನ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ತುಟಿ ಕಪ್ಪಾಗುತ್ತಿತ್ತು, ಚರ್ಮದ ಸಣ್ಣ ಮಚ್ಚೆಯೂ ಎದ್ದು ಕಾಣುತ್ತಿತ್ತು. ಅದನ್ನು ಮುಚ್ಚಲು ರಿಟಚರ್, ಅಂದರೆ ಫೋಟೋ ತಿದ್ದುವವನು, ಆ ಗಾಜಿನ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸುತ್ತಿದ್ದ. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತೆ. ನಾನು ಒರೆಸಿದ್ದು ಅವನ ಕೆಲಸವನ್ನು! ಸೊಂಟದ ಪಕ್ಕ ಪರದೆಯ ಬಣ್ಣ ಸ್ವಲ್ಪ ಬೇರೆಯಾಗಿತ್ತು, ಅಲ್ಲೂ ಕೈ ಆಡಿಸಿ ಸೊಂಟ ಸಣ್ಣ ಮಾಡಿದ್ದ ಅನ್ನಿಸುತ್ತೆ. ಫಿಲ್ಟರ್ ಹಾಕುವ ನಮಗೂ ಅವರಿಗೂ ಏನು ಜಾಸ್ತಿ ವ್ಯತ್ಯಾಸ, ಅಲ್ವಾ?

ಪುಣ್ಯಕ್ಕೆ ಮೂಲ ಫೈಲ್ ಇತ್ತು. ಈಗ ಮೊದಲ ಟಿಫ್ ಫೈಲನ್ನು ಮುಟ್ಟುವುದೇ ಇಲ್ಲ. ಧೂಳು, ಮಡಿಕೆ ಮಾತ್ರ ಬೇರೆ ಲೇಯರಿನಲ್ಲಿ ತೆಗೆಯುತ್ತೇನೆ. ಲಂಗದ ಮೇಲಿನ ನೇರಳೆ ಶಾಯಿ ಬರಹ ಅಳಿಸಿಬಿಡು ಅಂತ ಗೆಳೆಯರು ಹೇಳುತ್ತಾರೆ. ಫ್ರಾನ್ಸಿನಲ್ಲಿ 1903ರ ಕೊನೆಯವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಪಾಪ, ಬರೆದವರು ಇನ್ನೆಲ್ಲಿ ಬರೆಯಬೇಕಿತ್ತು?