ಚೀಟಿಯ ಮೇಲೆ ಒಣಗಿದ ರಕ್ತ: ನನ್ನ ಅನುಭವ

ಸಿಎಂಎಲ್ ಅನ್ನೋ ರಕ್ತ ಕ್ಯಾನ್ಸರಿನ ಗುರುತು ಬಿಸಿಆರ್-ಎಬಿಎಲ್ ಜೀನ್. ಕಾಗದದ ಮೇಲೆ ಒಣಗಿಸಿದ ರಕ್ತದಲ್ಲಿ ಅದರ ಆರ್‌ಎನ್‌ಎ ನಕಲು ನೋಡ್ತೀನಿ ಅಂದಾಗ ನಮ್ಮ ಲ್ಯಾಬಿನವರೇ ನಕ್ಕಿದ್ದರು. "ಟ್ಯೂಬಿನಲ್ಲೇ ಎರಡು ದಿನಕ್ಕೆ ಆರ್‌ಎನ್‌ಎ ಕೈಕೊಡುತ್ತೆ, ಚೀಟಿಯಲ್ಲಿ ಉಳಿಯುತ್ತಾ ಸರ್?" ವಿಧಾನ ನನ್ನದಲ್ಲ, ಸಿಯಾಟಲ್‌ನಲ್ಲಿ ಜೆರಾಲ್ಡ್ ರಾಡಿಚ್ ತಂಡದವರು ಮೊದಲೇ ಮಾಡಿ ತೋರಿಸಿದ್ದರು. ಅದು ಕಲಬುರಗಿಯ ಮೇ ತಿಂಗಳಿಗೆ ತಾಳುತ್ತದಾ ಅನ್ನೋದಷ್ಟೇ ನನ್ನ ತಲೆಬಿಸಿ.

2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಿಎಂಎಲ್ ಗುಳಿಗೆ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿದ ಮೇಲೆ, ಬೇರೆ ಕಂಪನಿಗಳು ಮಾಡೋ ಅದೇ ಔಷಧ, ಅಂದರೆ ಜೆನೆರಿಕ್ ಇಮಾಟಿನಿಬ್‌ಗಿದ್ದ ಆತಂಕ ತಪ್ಪಿತು. ಸಿಎಂಎಲ್ ರೋಗಿಗೆ ಈಗ ಭಾರವಾಗೋದು ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯೋ ಪಿಸಿಆರ್ ಪರೀಕ್ಷೆಯ ಖರ್ಚು, ಅದಕ್ಕಿಂತ ಹೆಚ್ಚಾಗಿ ಓಡಾಟ. ಅಫಜಲಪುರದ ಕಡೆಯಿಂದ ಬಂದು ಹೋಗೋ ಕೂಲಿಯವರಿಗೆ ಎರಡು ದಿನದ ಪಗಾರ ಖೋತಾ. ಒಮ್ಮೆ ತಪ್ಪಿಸಿದವರು ಮತ್ತೆ ಬರೋದು ಬ್ಲಾಸ್ಟ್ ಕ್ರೈಸಿಸ್‌ನಲ್ಲೇ, ಅಂದರೆ ರೋಗ ಕೈಮೀರಿದ ಹಂತದಲ್ಲೇ.

ಎಥಿಕ್ಸ್ ಕಮಿಟಿಗೆ ಆರೇಳು ತಿಂಗಳು ಹೋಯಿತು. ಅನುದಾನದ ಅರ್ಜಿ ಎರಡು ಸಲ ವಾಪಸ್. ಕೈಯಿಂದ ಅರವತ್ತೋ ಎಪ್ಪತ್ತೋ ಸಾವಿರ ಹಾಕಿದೆ. ಮನೆಯಲ್ಲಿ ಅದರ ಲೆಕ್ಕ ನನಗಿಂತ ಚೆನ್ನಾಗಿ ನೆನಪಿದೆ.

ಮೊದಲ ಹನ್ನೆರಡು ಚೀಟಿಯಲ್ಲಿ ಒಂಬತ್ತು ಹಾಳು. ಪೂರ್ತಿ ಒಣಗುವ ಮುಂಚೆಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ್ದೆ, ಬೂಸ್ಟು ಬಂತು. ಎರಡನೇ ಸಲ ಕಿಟಕಿ ಕಟ್ಟೆ ಮೇಲೆ ರಾತ್ರಿಯಿಡೀ ಒಣಹಾಕಿದೆ. ಬೆಳಗ್ಗೆ ನೋಡಿದರೆ ಕೆಂಪಿರುವೆ ಸಾಲು. ರಕ್ತದ ಬೊಟ್ಟಿನ ಅಂಚನ್ನೆಲ್ಲ ಕೆರೆದು ಕಾಗದ ಜಾಲರಿಯಾಗಿತ್ತು. ಕೊನೆಗೆ ಅಜ್ಜಿ ಹಾಲಿನ ಕಪಾಟಿಗೆ ಮಾಡುತ್ತಿದ್ದ ಹಾಗೆ ಮೇಜಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟೆ. ಪಿಸಿಆರ್ ಮಾಡೋ ಕೋಣೆಯಲ್ಲಿ ನೀರಿನ ಬಟ್ಟಲು! ನಗುವವರು ನಗಲಿ.

ಬೆಳಗ್ಗೆ ಓಪಿಡಿ, ಸಂಜೆ ಲ್ಯಾಬು. ಒಬ್ಬರದೇ ರಕ್ತ ಟ್ಯೂಬಿಗೂ ಚೀಟಿಗೂ ಹಾಕಿ ಸುಮಾರು ನಲವತ್ತು ಜೋಡಿ ತಾಳೆ ನೋಡಿದೆ. ಬಿಸಿಆರ್-ಎಬಿಎಲ್ ಪ್ರಮಾಣ 1%ಗಿಂತ ಮೇಲಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. 0.1%ಗಿಂತ ಕೆಳಗೆ ಚೀಟಿಯ ಬಾಯಿ ಕಟ್ಟುತ್ತೆ. ಹಾಗಾಗಿ ರೋಗ ತೀರಾ ತಗ್ಗಿದವರು ಗುಳಿಗೆ ನಿಲ್ಲಿಸಬಹುದಾ ಅನ್ನೋ ಪ್ರಶ್ನೆಗೆ ಟ್ಯೂಬೇ ಬೇಕು; ಗುಳಿಗೆ ಬಿಟ್ಟವರನ್ನು ಹಿಡಿಯೋಕೆ ಚೀಟಿ ಧಾರಾಳ ಸಾಕು. ಕಾರ್ಡು, ಸಿಲಿಕಾ ಪೊಟ್ಟಣ, ಸ್ಪೀಡ್ ಪೋಸ್ಟ್ ಎಲ್ಲ ಸೇರಿ ಇನ್ನೂರು ರೂಪಾಯಿ ಆಸುಪಾಸು. ಚೀಟಿಯಿಂದ ಆರ್‌ಎನ್‌ಎ ಬಿಡಿಸುವಾಗ ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದನ್ನು ಮಾತ್ರ ಈಗ ಹೇಳಲ್ಲ. ನನ್ನ ವಿದ್ಯಾರ್ಥಿನಿಯ ಥೀಸಿಸ್ ಮುಗಿಯಲಿ.

ನಡುವೆ ಇನ್ನೊಂದು ಹುಚ್ಚೂ ಹತ್ತಿತ್ತು. ಇಮಾಟಿನಿಬ್ ತಗೊಂಡವರ ಮೈಬಣ್ಣ ತಿಳಿಯಾಗೋದು ನಮಗೆಲ್ಲ ಗೊತ್ತು. ಆಧಾರ್ ಫೋಟೋ ಪಕ್ಕ ಮುಖ ಇಟ್ಟು ನೋಡಿದರೆ ಗುಳಿಗೆ ನುಂಗಿದಾರಾ ಇಲ್ವಾ ತಿಳೀಬಹುದಲ್ಲ ಅಂದುಕೊಂಡೆ. ಆ ಫೋಟೋ ಎಂಥದಿರುತ್ತೆ ಅಂತ ನಿಮಗೇ ಗೊತ್ತು. ಹತ್ತರಲ್ಲಿ ಏಳು ತಪ್ಪಾಯಿತು. ಸರಿ ಬಿದ್ದ ಮೂರರಲ್ಲಿ ಒಂದನ್ನು ಹೇಳಲೇಬೇಕು. ಬೆಳ್ಳಗಾಗಿದ್ದ ರೈತರೊಬ್ಬರು ಮತ್ತೆ ಕಪ್ಪಾಗಿ ಬಂದರು.

"ಗುಳಿಗಿ ಬಿಟ್ಟೀರೇನ್ರಿ?"

"ಇಲ್ರೀ ಸಾಹೇಬ್ರ, ತೊಗರಿ ಹೊಲದಾಗ ಬಿಸಿಲ ಭಾಳ."

ಚೀಟಿ 20% ದಾಟಿತ್ತು. ಹಿಂದಿನ ಸಲ 1%ಗಿಂತ ಕಡಿಮೆ ಇತ್ತು. ಹೊಟ್ಟೆ ತೊಳಸುತ್ತೆ ಅಂತ ಮಗಳ ಮದುವೆ ಓಡಾಟದಲ್ಲಿ ಬಿಟ್ಟಿದ್ದರಂತೆ. ಊಟ ಆದ ಮೇಲೆ ದೊಡ್ಡ ತಂಬಿಗೆ ನೀರಿನ ಜೊತೆ ತಗೊಳ್ರಿ ಅಂದೆ. ಮೂರು ತಿಂಗಳಿಗೆ ಅಂಚೆಯಲ್ಲಿ ಬಂದ ಚೀಟಿ 2ರ ಆಸುಪಾಸು ತೋರಿಸಿತು. ಆಮೇಲೊಮ್ಮೆ ಓಪಿಡಿಗೆ ಬಂದಾಗ ನೋಡಿದೆ, ಮುಖ ಇನ್ನೂ ಕಪ್ಪೇ ಇತ್ತು.