ಪ್ರೊಡಕ್ಷನ್ ಪ್ರಾಜೆಕ್ಟ್ ಮುಗಿಯಿತು, ರಿಫ್ಲೆಕ್ಟಿವ್ ರಿಪೋರ್ಟ್ ಬರೆಯುವುದು ಹೇಗೆ?

ಪತ್ರಿಕೋದ್ಯಮ ಓದುವವರಿಗೆ ಪ್ರೊಡಕ್ಷನ್ ಪ್ರಾಜೆಕ್ಟ್ ಹೊಸದೇನಲ್ಲ. ಕೆಲವರು ಎಂಟು ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಾರೆ, ಕೆಲವರು ರೇಡಿಯೊ ಕಾರ್ಯಕ್ರಮ, ಇನ್ನು ಕೆಲವರು ವಿಭಾಗದ ಪ್ರಯೋಗ ಪತ್ರಿಕೆ. ಅದನ್ನು ಒಪ್ಪಿಸುವಾಗ ಜೊತೆಗೆ ಒಂದು ರಿಫ್ಲೆಕ್ಟಿವ್ ರಿಪೋರ್ಟ್ (ಮಾಡಿದ ಕೆಲಸವನ್ನು ತಿರುಗಿ ನೋಡಿ ಬರೆಯುವ ವರದಿ) ಕೂಡ ಕೊಡಿ ಎಂದು ಮೇಷ್ಟ್ರು ಹೇಳಿರುತ್ತಾರೆ. ಶೂಟಿಂಗ್‌ಗೆ ವಾರಗಟ್ಟಲೆ ಓಡಾಡಿದ ಹುಡುಗರು ಇದನ್ನು ಮಾತ್ರ ಕೊನೆಯ ರಾತ್ರಿ ಕೂತು ಬರೆಯುತ್ತಾರೆ. ಸೀನಿಯರ್ ಒಬ್ಬರ ಫೈಲ್ ಎದುರಿಗಿಟ್ಟುಕೊಂಡು ಊರಿನ ಹೆಸರು, ತಂಡದ ಹೆಸರು ಬದಲಾಯಿಸಿಬಿಡುವವರೂ ಇದ್ದಾರೆ.

ಇದರಿಂದ ನಷ್ಟ ಅವರಿಗೇ. ಚಿತ್ರ ಇಡೀ ತಂಡದ್ದು. ಈ ವರದಿ ಮಾತ್ರ ಪೂರ್ತಿ ನಿಮ್ಮೊಬ್ಬರದ್ದು. ಚಿತ್ರ ಸಾಧಾರಣವಾಗಿ ಬಂದಿದ್ದರೂ ನೀವು ಹೇಗೆ ಯೋಚಿಸಿದಿರಿ, ಎಲ್ಲಿ ದಾರಿ ಬದಲಿಸಿದಿರಿ ಎಂದು ತೋರಿಸಲು ಸಿಗುವ ಜಾಗ ಇದು.

ಏನಾಯಿತು ಎಂಬ ದಿನಚರಿ ಬರೆದರೆ ಇದು ಆಗುವುದಿಲ್ಲ. ಸೋಮವಾರ ಹೋದೆವು, ಮಂಗಳವಾರ ಶೂಟ್ ಮಾಡಿದೆವು, ಬುಧವಾರ ಎಡಿಟ್ ಮಾಡಿದೆವು ಎನ್ನುವುದು ಚಿತ್ರ ನೋಡಿದರೇ ಸುಮಾರಾಗಿ ಗೊತ್ತಾಗುತ್ತದೆ. ಓದುವವರಿಗೆ ಬೇಕಾಗಿರುವುದು ನೀವು ತೆಗೆದುಕೊಂಡ ತೀರ್ಮಾನಗಳು. ಆ ಹೊತ್ತಿನಲ್ಲಿ ಎದುರಿಗೆ ಬೇರೆ ಯಾವ ದಾರಿ ಇತ್ತು, ಇದನ್ನೇ ಯಾಕೆ ಆರಿಸಿದಿರಿ, ಅದರಿಂದ ಚಿತ್ರಕ್ಕೆ ಏನಾಯಿತು, ಎದುರಿಗಿದ್ದ ಮನುಷ್ಯರಿಗೆ ಏನಾಯಿತು. ವರದಿಯ ಜೀವ ಇರುವುದು ಇಲ್ಲೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನಾಲ್ವರು ವಿದ್ಯಾರ್ಥಿಗಳ ಒಂದು ತಂಡ ಇಳಕಲ್ಲಿಗೆ ಹೋಗಿ ಸೀರೆ ನೇಯುವವರ ಕೂಲಿಯ ಬಗ್ಗೆ ಎಂಟು ನಿಮಿಷದ ಸಾಕ್ಷ್ಯಚಿತ್ರ ಮಾಡಿದೆ ಅಂದುಕೊಳ್ಳಿ. ಇಳಕಲ್ ಸೀರೆಯ ಒಡಲಿನ ಹಾಸು (ಮಗ್ಗದ ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಅವೆರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಕ್ಯಾಮೆರಾ ಹಿಡಿದವರಿಗೆ ಆ ಕೈಗಳ ಕ್ಲೋಸಪ್ ಒಂದೇ ಸಾಕು ಅನ್ನಿಸುವಷ್ಟು ಚೆಂದದ ಕೆಲಸ. ಆದರೆ ಮಗ್ಗದ ಮನೆಯಲ್ಲಿ ಸದ್ದು ಜಾಸ್ತಿ. ನಮ್ಮ ಉದಾಹರಣೆ ಶುರುವಾಗುವುದು ಅಲ್ಲಿಂದ.

ಮೊದಲ ದಿನದಿಂದಲೇ ಟಿಪ್ಪಣಿ

ವರದಿ ಬರೆಯುವುದು ಕೊನೆಯಲ್ಲಿ, ಆದರೆ ಅದಕ್ಕೆ ಬೇಕಾದ ಸಾಮಾನು ಕೂಡಿಡುವುದು ವಿಷಯ ಆರಿಸಿದ ದಿನದಿಂದಲೇ. ದೊಡ್ಡ ಡೈರಿ ಬೇಕಾಗಿಲ್ಲ. ದಿನದ ಕೆಲಸ ಮುಗಿದ ಮೇಲೆ ಐದು ನಿಮಿಷ ಕೂತು ಮೂರು ಸಂಗತಿ ಬರೆದುಕೊಳ್ಳಿ. ಇವತ್ತು ಏನು ತೀರ್ಮಾನ ಆಯಿತು, ಅದನ್ನು ಯಾರು ಹೇಳಿದರು, ಏನು ಅಂದುಕೊಂಡ ಹಾಗೆ ಆಗಲಿಲ್ಲ. ಬರೆಯಲು ಬೇಜಾರಾದರೆ ಫೋನಿನಲ್ಲಿ ವಾಯ್ಸ್ ನೋಟ್ ಮಾಡಿಟ್ಟುಕೊಳ್ಳಿ, ಬಸ್ಸಿನಲ್ಲಿ ವಾಪಸ್ ಬರುವಾಗಲೂ ಮಾಡಬಹುದು. ತಿಂಗಳ ನಂತರ ನೆನಪು ಎಲ್ಲವನ್ನೂ ನಯ ಮಾಡಿಬಿಟ್ಟಿರುತ್ತದೆ. ಆಗ ನೀವು ತಡಕಾಡಿದ್ದು ಮರೆತು, ಎಲ್ಲವೂ ಮೊದಲೇ ಗೊತ್ತಿತ್ತು ಎಂಬ ಹಾಗೆ ಬರೆಯುತ್ತೀರಿ.

ಯಾವುದನ್ನೂ ಅಳಿಸಬೇಡಿ. ಹಳೆಯ ಸ್ಕ್ರಿಪ್ಟ್ ಮೇಲೆ ಹೊಸದನ್ನು ಸೇವ್ ಮಾಡದೆ ತಾರೀಖು ಹಾಕಿ ಬೇರೆ ಬೇರೆ ಇಡಿ. ಕಾಲ್ ಶೀಟ್ (ಶೂಟಿಂಗ್ ದಿನ ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕು ಎಂಬ ಹಾಳೆ), ಪ್ರಶ್ನೆಗಳ ಪಟ್ಟಿ, ತಂಡದ ವಾಟ್ಸಾಪ್ ಗುಂಪಿನ ಮಾತುಕತೆ, ರಫ್ ಕಟ್ (ಮೊದಲ ಕಚ್ಚಾ ಎಡಿಟ್), ಕೆಟ್ಟುಹೋದ ಕ್ಲಿಪ್, ಎಲ್ಲವೂ ಇರಲಿ. ಕೆಟ್ಟ ಕ್ಲಿಪ್ಪೇ ಮುಂದೆ ನಿಮ್ಮ ಅತ್ಯುತ್ತಮ ಸಾಕ್ಷಿ ಆಗಬಹುದು.

ಎಲ್ಲ ಹೇಳಬೇಡಿ, ಎರಡು ಮೂರು ಆರಿಸಿ

1500 ಪದಗಳ ವರದಿಯಲ್ಲಿ ರೆಕ್ಕಿಯಿಂದ (ಶೂಟಿಂಗ್‌ಗೆ ಮೊದಲು ಹೋಗಿ ಜಾಗ ನೋಡಿ ಬರುವುದು) ರೆಂಡರ್ (ಕೊನೆಯ ವಿಡಿಯೊ ಫೈಲ್ ತೆಗೆಯುವುದು) ತನಕ ಎಲ್ಲವನ್ನೂ ಮುಟ್ಟಿದರೆ ಯಾವುದರ ಒಳಗೂ ಇಳಿಯಲು ಆಗುವುದಿಲ್ಲ. ಚಿತ್ರದ ಪರಿಚಯ ಮತ್ತು ನಿಮ್ಮ ಪಾತ್ರಕ್ಕೆ 150 ಪದ ಕೊಡಿ. ಒಂದು ಸಾವಿರ ಪದ ಎರಡು ಅಥವಾ ಮೂರು ಘಟ್ಟಗಳಿಗೆ ಇರಲಿ. ಉಳಿದದ್ದು ನೋಡುಗರು ಏನಂದರು, ಮುಂದೆ ಏನು ಎನ್ನುವುದಕ್ಕೆ.

ಯಾವ ಘಟ್ಟ ಆರಿಸಬೇಕು? ನಿಮ್ಮ ಮನಸ್ಸು ಬದಲಾದ ಜಾಗ ಹುಡುಕಿ. ಇಳಕಲ್ಲಿನ ತಂಡಕ್ಕೆ ಅಂಥವು ಮೂರು ಇವೆ ಅನ್ನಿ. ಒಂದು, ಮಗ್ಗದ ಸದ್ದಿನಲ್ಲಿ ಸಂದರ್ಶನ ಹಾಳಾದದ್ದು. ಎರಡು, ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ತೆಗೆದ ಶಾಟ್‌ಗಳಲ್ಲಿ ಪಟ್ಟೆ ಪಟ್ಟೆ ಬಂದದ್ದು. ಮೂರು, ಊರಿನ ಡ್ರೋನ್ ಶಾಟ್‌ನಿಂದ ಶುರುವಾಗುತ್ತಿದ್ದ ಚಿತ್ರ ಕೊನೆಗೆ ಕೂಲಿಯ ಲೆಕ್ಕದ ಪುಸ್ತಕದಿಂದ ಶುರುವಾದದ್ದು. ಎರಡನೆಯದು ಬೇಗ ಮುಗಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/60ರಲ್ಲಿದ್ದರೆ ದೀಪದ ಮಿಣುಕಿಗೂ ಅದಕ್ಕೂ ತಾಳ ಕೂಡುವುದಿಲ್ಲ, 1/50 ಅಥವಾ 1/100 ಇಟ್ಟರೆ ಸರಿಹೋಗುತ್ತದೆ. ಇದು ತಿಳಿದುಕೊಂಡ ಒಂದು ಸಂಗತಿ, ಎರಡು ಸಾಲು ಸಾಕು. ಮೊದಲನೆಯದು ಮತ್ತು ಮೂರನೆಯದರಲ್ಲಿ ಅಗೆಯಲು ಜಾಸ್ತಿ ಇದೆ.

ಒಂದು ಘಟ್ಟವನ್ನು ಬರೆಯುವ ಬಗೆ

ಸಾಮಾನ್ಯವಾಗಿ ವರದಿಗಳಲ್ಲಿ ಹೀಗಿರುತ್ತದೆ:

‘ಸಂದರ್ಶನವನ್ನು ನೇಕಾರರ ಮನೆಯಲ್ಲಿ ಚಿತ್ರೀಕರಿಸಲಾಯಿತು. ಶಬ್ದದ ಸಮಸ್ಯೆಯನ್ನು ಎದುರಿಸಲಾಯಿತು. ಮರುದಿನ ಅದನ್ನು ಯಶಸ್ವಿಯಾಗಿ ಪರಿಹರಿಸಲಾಯಿತು. ಇದರಿಂದ ಬಹಳ ಕಲಿತೆವು.’

ಯಾರು ಮಾಡಿದರು, ಯಾರು ಎದುರಿಸಿದರು, ಯಾರು ಪರಿಹರಿಸಿದರು? ಒಬ್ಬ ಮನುಷ್ಯನೂ ಕಾಣುವುದಿಲ್ಲ. ‘ಲಾಯಿತು’ಗಳನ್ನೆಲ್ಲ ತೆಗೆದು ‘ನಾನು’ ಎಂದು ಬರೆಯಲು ಶುರು ಮಾಡಿ. ಉಳಿದ ಪ್ರಶ್ನೆಗಳು ತಾವಾಗಿಯೇ ಮುಂದೆ ಬಂದು ನಿಲ್ಲುತ್ತವೆ. ಅದೇ ಘಟನೆ ಈಗ ಹೀಗಾಗುತ್ತದೆ:

‘ಮಗ್ಗದ ಪಕ್ಕದಲ್ಲೇ ಸಂದರ್ಶನ ಮಾಡೋಣ ಎಂದದ್ದು ನಾನು. ನೇಯುತ್ತಲೇ ಮಾತಾಡಿದರೆ ಅವರಿಗೂ ಸಲೀಸು, ಚಿತ್ರಕ್ಕೂ ಜೀವ ಬರುತ್ತದೆ ಅಂದುಕೊಂಡಿದ್ದೆ. ಹೆಡ್‌ಫೋನ್ ಹಾಕಿಕೊಂಡಿರಲಿಲ್ಲ. ರೂಮಿಗೆ ಬಂದು ಕೇಳಿದರೆ ಮಾತಿಗಿಂತ ಲಾಳಿಯ ಸದ್ದೇ ಮುಂದಿತ್ತು. ಮೈಕ್ ಸರಿ ಇಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ನೋಡಿದರೆ ಮೈಕ್ ಇದ್ದದ್ದು ಕ್ಯಾಮೆರಾದ ಮೇಲೆ, ಅವರಿಂದ ಆರು ಅಡಿ ದೂರ. ಅವರ ಬಾಯಿಗಿಂತ ಮಗ್ಗವೇ ಅದಕ್ಕೆ ಹತ್ತಿರ ಇತ್ತು. ಮರುದಿನ ಕಾಲರ್ ಮೈಕ್ ಹಾಕಿ, ಮಗ್ಗ ನಿಲ್ಲಿಸಿ ಅಕ್ಕಾ ಎಂದು ಕೇಳಿದೆ. ಅವರು ನಿಲ್ಲಿಸಿದರು, ದನಿ ಚೆನ್ನಾಗಿ ಬಂತು. ಎಡಿಟಿಂಗ್‌ಗೆ ಕೂತಾಗ ಅದೇ ಸಂದರ್ಶನದಲ್ಲಿ ಅವರು “ಮಗ್ಗ ನಿಂತ್ರ ಕೂಲಿನೂ ನಿಲ್ತೈತಿ ತಮ್ಮಾ” ಎಂದದ್ದು ಸಿಕ್ಕಿತು. ಅವರಿಗೆ ಕೂಲಿ ಸೀರೆಯ ಲೆಕ್ಕದಲ್ಲಿ. ಮುಕ್ಕಾಲು ಗಂಟೆ ನಾವು ಅವರ ಮಗ್ಗ ನಿಲ್ಲಿಸಿದ್ದೆವು, ಅದೂ ಕೂಲಿಯ ಬಗ್ಗೆ ಚಿತ್ರ ಮಾಡಲು. ಮುಂದೆ ಇಂಥ ಕಡೆ ಹೋದಾಗ ಅವರು ಮಗ್ಗ ಬಿಟ್ಟು ಏಳುವ ಹೊತ್ತು ಯಾವುದು ಎಂದು ರೆಕ್ಕಿಯ ದಿನವೇ ಕೇಳಿಕೊಂಡು, ಸಂದರ್ಶನವನ್ನು ಆ ಹೊತ್ತಿಗೆ ಇಡುತ್ತೇನೆ.’

ವ್ಯತ್ಯಾಸ ನೋಡಿ. ಇಲ್ಲಿ ಮೊದಲು ಅಂದುಕೊಂಡದ್ದಿದೆ, ಅದು ಕೈಕೊಟ್ಟದ್ದಿದೆ, ತಪ್ಪಾಗಿ ಮೈಕ್ ಮೇಲೆ ಹಾಕಿದ ದೂರು ಇದೆ, ಸರಿಯಾದ ಕಾರಣ ಇದೆ. ಆಮೇಲೆ, ಸಮಸ್ಯೆ ಬಗೆಹರಿಯಿತು ಅಂದುಕೊಂಡ ಮೇಲೂ ಯೋಚನೆ ನಿಂತಿಲ್ಲ. ದನಿಯ ಪ್ರಶ್ನೆಯಿಂದ ಶುರುವಾದದ್ದು ಎದುರಿಗಿದ್ದವರ ದುಡಿಮೆಯ ಪ್ರಶ್ನೆಗೆ ಹೋಗಿ ಮುಟ್ಟಿದೆ. ನನ್ನ ಮಟ್ಟಿಗೆ ಒಳ್ಳೆಯ ವರದಿಯ ಗುರುತು ಇದೇ. ಮೊದಲ ‘ಯಾಕೆ’ಗೆ ಉತ್ತರ ಸಿಕ್ಕಿದ ಕೂಡಲೇ ಪೆನ್ ಕೆಳಗಿಡಬೇಡಿ, ಇನ್ನೊಮ್ಮೆ ಕೇಳಿ.

ಕೊನೆಯ ವಾಕ್ಯವನ್ನೂ ಗಮನಿಸಿ. ‘ಮುಂದೆ ಜಾಗ್ರತೆ ವಹಿಸುತ್ತೇನೆ’ ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಯಾವ ದಿನ, ಯಾರನ್ನು, ಏನು ಕೇಳುತ್ತೇನೆ ಎಂದು ಬರೆದರೆ ಅದು ಕಲಿತದ್ದು.

ಪಾಠದಲ್ಲಿ ಓದಿದ್ದನ್ನು ಎಲ್ಲಿ ಸೇರಿಸುವುದು?

ಸಿದ್ಧಾಂತಕ್ಕೆ ಬೇರೆ ಅಧ್ಯಾಯ ಮಾಡಿ ಪಠ್ಯದ ವ್ಯಾಖ್ಯೆಗಳನ್ನು ತುಂಬಬೇಡಿ. ಘಟನೆಗೆ ಎಲ್ಲಿ ಬೇಕೋ ಅಲ್ಲೇ ತನ್ನಿ. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧಕ್ಕೆ ಇಳಿದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ ಎಂದು ತರಗತಿಯಲ್ಲಿ ಓದಿದ್ದರೆ, ಅದರ ಜಾಗ ‘ಆರು ಅಡಿ ದೂರ’ ಎಂಬ ವಾಕ್ಯದ ಪಕ್ಕ. ಮಾಧ್ಯಮ ನೀತಿಯಲ್ಲಿ ಒಪ್ಪಿಗೆಯ ಬಗ್ಗೆ ಓದಿದ್ದರೆ ಅದರ ಜಾಗ ಮಗ್ಗ ನಿಲ್ಲಿಸಲು ಕೇಳಿದ ಕಡೆ. ಅವರು ಹೂಂ ಅಂದರು ನಿಜ. ಕಾಲೇಜಿನಿಂದ ಕ್ಯಾಮೆರಾ ಹಿಡಿದು ಬಂದ ಮಕ್ಕಳಿಗೆ ಬೇಡ ಅನ್ನಲು ಅವರಿಗೆ ಎಷ್ಟು ಅವಕಾಶ ಇತ್ತು?

ಹಲವು ಕಾಲೇಜುಗಳಲ್ಲಿ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ, ಅನುಭವವನ್ನು ತಿರುಗಿ ನೋಡುವ ಆರು ಹಂತದ ಚಕ್ರವನ್ನು ಹೇಳಿಕೊಡುತ್ತಾರೆ. ಏನಾಯಿತು, ಏನನ್ನಿಸಿತು, ಯಾವುದು ಸರಿಹೋಯಿತು ಯಾವುದು ಕೆಟ್ಟಿತು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಇನ್ನೊಮ್ಮೆ ಅವಕಾಶ ಸಿಕ್ಕರೆ ಏನು ಮಾಡುತ್ತೀರಿ. ಶುರುವಿಗೆ ಇದು ಒಳ್ಳೆಯ ಊರುಗೋಲು. ಆದರೆ ಆರು ಉಪಶೀರ್ಷಿಕೆ ಹಾಕಿ ಒಂದೊಂದರ ಕೆಳಗೂ ಸಮ ಸಮ ತುಂಬಿದರೆ ವರದಿ ಅರ್ಜಿ ಫಾರಂ ಥರ ಆಗುತ್ತದೆ. ಅನ್ನಿಸಿದ್ದಕ್ಕೆ ಒಂದು ಸಾಲು ಸಾಕಾಗಬಹುದು, ಯಾಕೆ ಎಂಬುದಕ್ಕೆ ಒಂದು ಪುಟ ಬೇಕಾಗಬಹುದು. ಕೆಲಸದ ನಡುವೆಯೇ ಯೋಚಿಸುವುದು ಮತ್ತು ಮುಗಿದ ಮೇಲೆ ಯೋಚಿಸುವುದು ಬೇರೆ ಬೇರೆ ಎಂದು ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ವಿವರಿಸಿದ್ದರು. ನಮ್ಮ ಉದಾಹರಣೆಯಲ್ಲಿ ಕಾಲರ್ ಮೈಕ್ ಹಾಕಿದ್ದು ಮೊದಲನೆಯದು, ಕೂಲಿಯ ಮಾತು ಹೊಳೆದದ್ದು ಎರಡನೆಯದು. ವರದಿಯಲ್ಲಿ ಎರಡನ್ನೂ ಬಿಡಿಸಿ ತೋರಿಸಿ.

ನಿಮ್ಮ ವಿಭಾಗ ಇಂಥದೇ ಶೀರ್ಷಿಕೆ ಇರಬೇಕು ಎಂದು ನಮೂನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಒಳಗಿನ ಬರಹ ನಿಮ್ಮ ಕೈಯಲ್ಲೇ ಇರುತ್ತದೆ.

ಗೆಳೆಯರ ಬಗ್ಗೆ ಬರೆಯುವಾಗ

ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೋ ‘ನಾವೆಲ್ಲ ಒಗ್ಗಟ್ಟಿನಿಂದ ದುಡಿದೆವು’, ಇಲ್ಲ ಅಂದರೆ ‘ಇಬ್ಬರು ಬರಲೇ ಇಲ್ಲ, ಎಲ್ಲ ನಾನೇ ಮಾಡಿದೆ’. ಎರಡೂ ಕೆಲಸಕ್ಕೆ ಬರುವುದಿಲ್ಲ. ಜಗಳ ಆಗಿದ್ದರೆ ಬರೆಯಿರಿ. ಆದರೆ ಮನುಷ್ಯನ ಗುಣದ ಮೇಲೆ ತೀರ್ಪು ಕೊಡದೆ ಯಾವ ವಿಷಯಕ್ಕೆ ಭಿನ್ನಾಭಿಪ್ರಾಯ ಬಂತು ಎಂದು ಬರೆಯಿರಿ. ಡ್ರೋನ್ ಶಾಟ್ ಬೇಕು ಎಂದ ಕ್ಯಾಮೆರಾದವನಿಗೂ ಬೇಡ ಎಂದ ಎಡಿಟರ್‌ಗೂ ಒಂದೊಂದು ಕಾರಣ ಇತ್ತಲ್ವಾ? ಅವನ ಕಾರಣವನ್ನು ಅವನೇ ಓದಿ ‘ಹೌದು, ನಾನು ಹೇಳಿದ್ದು ಇದನ್ನೇ’ ಅನ್ನುವ ಹಾಗೆ ಬರೆಯಿರಿ. ಆಮೇಲೆ ತೀರ್ಮಾನ ಹೇಗಾಯಿತು, ಅದರಲ್ಲಿ ನಿಮ್ಮ ಮಾತು ಎಷ್ಟು ಎಂದು ಹೇಳಿ.

ರಫ್ ಕಟ್ ಅನ್ನು ತಂಡದ ಹೊರಗಿನವರಿಗೆ ತೋರಿಸಿ. ಸಾಧ್ಯವಾದರೆ ಚಿತ್ರದಲ್ಲಿ ಇರುವವರಿಗೂ ತೋರಿಸಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ಎಲ್ಲಿ ಬೇಸರ ಬಂತು, ಎಲ್ಲಿ ಅರ್ಥ ಆಗಲಿಲ್ಲ, ಯಾವ ಮಾತು ನೆನಪಿನಲ್ಲಿ ಉಳಿಯಿತು ಎಂದು ಕೇಳಿ. ‘ಡ್ರೋನ್ ಶಾಟ್ ನೋಡಿ ಇದು ಪ್ರವಾಸದ ವಿಡಿಯೊ ಅಂದುಕೊಂಡೆ’ ಎಂದು ಒಬ್ಬರು ಹೇಳಿದರೆ, ನಿಮ್ಮ ಮೂರನೇ ಘಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಪ್ಪದ ಸಲಹೆಯನ್ನೂ ಬರೆದು ಯಾಕೆ ಒಪ್ಪಲಿಲ್ಲ ಎಂದು ಹೇಳಿ.

ಒಪ್ಪಿಸುವ ಮುನ್ನ

ವರದಿಯ ಪ್ರತಿ ದೊಡ್ಡ ಮಾತಿನ ಪಕ್ಕದಲ್ಲೂ ಒಂದು ಪುರಾವೆ ಇದೆಯೇ ನೋಡಿ. ‘ಆರಂಭವನ್ನು ಬದಲಿಸಿದೆ’ ಎಂದಿದ್ದರೆ ಎರಡೂ ಕಟ್‌ಗಳ ಟೈಮ್‌ಲೈನ್ ಸ್ಕ್ರೀನ್‌ಶಾಟ್ ಅನುಬಂಧದಲ್ಲಿ ಇರಲಿ. ಸಂದರ್ಶನದ ಮಾತು ತೆಗೆದುಕೊಂಡಿದ್ದರೆ ಚಿತ್ರದ ಎಷ್ಟನೇ ನಿಮಿಷ ಎಂದು ನಮೂದಿಸಿ. ‘ಬಹಳ’, ‘ಅತ್ಯಂತ’, ‘ಯಶಸ್ವಿಯಾಗಿ’ ಎಂಬ ಪದಗಳನ್ನು ಹುಡುಕಿ ತೆಗೆಯಿರಿ. ವರದಿಯನ್ನು ಎಐ ಕೈಗೆ ಕೊಟ್ಟು ಬರೆಸುವ ಆಸೆ ಬಂದರೆ ಒಂದು ಮಾತು ನೆನಪಿಡಿ. ಮಗ್ಗದ ಮನೆಯಲ್ಲಿ ಮೈಕ್ ಎಲ್ಲಿತ್ತು ಎಂಬುದು ನಿಮಗಷ್ಟೇ ಗೊತ್ತು. ವೈವಾದಲ್ಲಿ ಕೇಳುವುದೂ ಅದನ್ನೇ.

ಕೊನೆಯದಾಗಿ ಹೆಸರುಗಳ ವಿಷಯ. ಕ್ಯಾಮೆರಾದ ಮುಂದೆ ಮಾತಾಡಲು ಒಪ್ಪಿದವರು, ಕ್ಯಾಮೆರಾ ಆರಿದ ಮೇಲೆ ಹೇಳಿದ್ದನ್ನು ಬರೆಯಲು ಒಪ್ಪಿದ್ದಾರೆ ಎಂದೇನೂ ಅಲ್ಲ. ಕೂಲಿ ಕೊಡುವವರ ಮೇಲಿನ ದೂರು, ಮನೆಯ ಸಾಲ, ಇಂಥವು ವರದಿಯಲ್ಲಿ ಬರುವುದಿದ್ದರೆ ಫೋನ್ ಮಾಡಿ ಕೇಳಿ. ಬೇಡ ಅಂದರೆ ಆ ಭಾಗ ತೆಗೆಯಿರಿ. ವರದಿಯ ಒಂದು ಪ್ರತಿ ನಿಮ್ಮ ವಿಭಾಗದ ಲೈಬ್ರರಿಯಲ್ಲಿ ಉಳಿಯಬಹುದು, ಮುಂದಿನ ವರ್ಷದ ತಂಡ ಅದನ್ನು ಓದಿಕೊಂಡು ಅದೇ ಬೀದಿಗೆ ಹೋಗಬಹುದು.