ಗೊಂಬೆ ಮರದಲ್ಲಿ ಫ್ರಿಗೇಟ್: ನನ್ನ ಅನುಭವ

ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದಲ್ಲಿ ಬುಗುರಿ, ಗಿಲಕಿ ಮಾಡಬಹುದು, ಮಾದರಿ ಹಡಗು ಆಗಲ್ಲ ಅಂತ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಹುಳ ಬೀಳುತ್ತೆ, ನೀಲಿ ತಿರುಗುತ್ತೆ, ಉದ್ದದ ತುಂಡೇ ಸಿಗಲ್ಲ ಅಂದರು. ಈಗ ನನ್ನ ಟ್ರಿಂಕೋಮಲಿಯ (ಹಾಯಿಯ ಕಾಲದ ಬ್ರಿಟಿಷ್ ಫ್ರಿಗೇಟ್, ಅಂದರೆ ಯುದ್ಧನೌಕೆ, ಅದರ ಮಾದರಿ) ಹಲ್, ಅಂದರೆ ಹಡಗಿನ ಒಡಲು, ಪೂರ್ತಿ ಹಲಗೆ ಮುಚ್ಚಿ, ಅದು ಮೈಸೂರಿನ ಬೇಸಿಗೆಯನ್ನೂ ಮಳೆಗಾಲವನ್ನೂ ನೋಡಿಯಾಗಿದೆ. ಎರಡು ಹಲಗೆಗಳ ಸಂದಿಯಲ್ಲಿ ಬ್ಲೇಡ್ ತುದಿ ಕೂಡ ತೂರುತ್ತಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಈ ದಾರಿ ಹಿಡಿಸಿದ್ದು ದುಡ್ಡು. ಮೊದಲ ಹಡಗು ಆಮದು ಕಿಟ್‌ನದು. ಬೆಲೆ, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಮೂವತ್ತೈದು ಸಾವಿರದ ಆಸುಪಾಸು. ಅದರ ವಾಲ್‌ನಟ್ ಪಟ್ಟಿಗಳು ಮೂತಿಯ ತಿರುವಿಗೆ ಬಂದ ಕೂಡಲೇ ಪಟಪಟ ಮುರಿದವು. ಬದಲಿ ಪಟ್ಟಿ ತರಿಸೋಣ ಅಂದರೆ ಪಟ್ಟಿಗಿಂತ ಸಾಗಣೆಯೇ ಜಾಸ್ತಿ. ಬಾಕ್ಸ್‌ವುಡ್, ಪಿಯರ್ ಮರಗಳ ವಿಚಾರ ಬಿಡಿ, ಆ ದರಕ್ಕೆ ಮನೆಗೆ ಒಂದು ಮಂಚವೇ ಬರುತ್ತದೆ.

ಎಲ್ಲರೂ ಕೊಟ್ಟ ಸಲಹೆ ಒಂದೇ: ಅಸಲಿ ಹಡಗೇ ತೇಗದ್ದು, ನೀನೂ ತೇಗ ಹಾಕು. ನಿಜ, ಅದು ಮಲಬಾರ್ ತೇಗದಲ್ಲಿ, ಬೊಂಬಾಯಿಯ ಹಡಗುಕಟ್ಟೆಯಲ್ಲಿ ಜಮ್‌ಶೇಟ್‌ಜಿ ಬೊಮಾನ್‌ಜಿ ವಾಡಿಯಾ ಅವರ ಕೈಕೆಳಗೆ ಕಟ್ಟಿ 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿಸಿದ ಹಡಗು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. (ಅದರ ನಕ್ಷೆ ಹೊತ್ತು ಹೊರಟಿದ್ದ ಜಾವಾ ಎಂಬ ಹಡಗನ್ನು 1812ರಲ್ಲಿ ಅಮೆರಿಕದವರ ಕಾನ್‌ಸ್ಟಿಟ್ಯೂಷನ್ ಹೊಡೆದು ಮುಗಿಸಿತು, ಇನ್ನೊಂದು ಪ್ರತಿ ಕಳಿಸಬೇಕಾಯಿತು. ನಕ್ಷೆಗೆ ಕಾದು ಕೂತವರು ನಾವು ಮಾತ್ರ ಅಲ್ಲ.) ಆದರೆ 1:96ರಲ್ಲಿ, ಅಂದರೆ ಅಸಲಿಯ ತೊಂಬತ್ತಾರನೇ ಒಂದು ಪಾಲಿನ ಅಳತೆಯಲ್ಲಿ, ತೇಗದ ರಂಧ್ರಗಳು ಚರಂಡಿಯ ಹಾಗೆ ಕಾಣುತ್ತವೆ. ಎಣ್ಣೆ ಅಂಶಕ್ಕೆ ಫೆವಿಕಾಲ್ ಸರಿಯಾಗಿ ಕಚ್ಚುವುದೂ ಇಲ್ಲ. ನಾನೂ ಒಂದು ಬದಿಗೆ ಹಾಕಿ ನೋಡಿ, ಕಿತ್ತು ಒಲೆಗೆ ಹಾಕಿದೆ. ಆಲೆಗೆ ಎಳೆಯೇ ಕಾಣುವುದಿಲ್ಲ, ಅಂಚು ಕೊರೆದರೆ ಸೀಳದೆ ನಿಲ್ಲುತ್ತದೆ. ನಮಗೆ ಬೇಕಾದ್ದು ಅದೇ ತಾನೆ?

ತುಂಡು ಗಿಡ್ಡ ಎಂಬ ತಕರಾರಿಗೆ ಉತ್ತರ ಹಡಗಿನಲ್ಲೇ ಇದೆ. ಚನ್ನಪಟ್ಟಣದಲ್ಲಿ ಸಿಗುವುದು ತೋಳು ದಪ್ಪದ ಕೊರಡು, ಗಂಟು ತೆಗೆದರೆ ಒಂದಡಿ ಉಳಿದರೆ ಪುಣ್ಯ. ಅಸಲಿ ಹಡಗಿಗೆ ಮೂತಿಯಿಂದ ಹಿಂಭಾಗದವರೆಗೆ ಒಂದೇ ಹಲಗೆ ಯಾರು ಹಾಕಿದ್ದರು? ಇಪ್ಪತ್ತು-ಇಪ್ಪತ್ತೈದು ಅಡಿಯ ತುಂಡುಗಳೇ. ನಮ್ಮ ಅಳತೆಯಲ್ಲಿ ಅದು ಆರರಿಂದ ಎಂಟು ಸೆಂಟಿಮೀಟರ್! ಅಸಲಿ ಹಡಗಿನ ಗನ್ ಡೆಕ್ಕೇ (ತೋಪುಗಳ ಅಟ್ಟ) ಸುಮಾರು 150 ಅಡಿ, ನಮ್ಮ ಅಳತೆಯಲ್ಲಿ ಅಂದರೆ 47-48 ಸೆಂಟಿಮೀಟರ್. ಒಂದೇ ಬಲ್ಕ್‌ಹೆಡ್ (ಹಲಗೆ ಅಂಟಿಸುವ ಒಳಗಿನ ಅಡ್ಡ ಚೌಕಟ್ಟು) ಮೇಲೆ ಬರುವ ಎರಡು ಜೋಡಣೆಗಳ ನಡುವೆ ಮೂರು ಸಾಲು ಬಿಟ್ಟು ಹಾಕುತ್ತಾ ಹೋದರೆ ನೋಟವೂ ಅಸಲಿಯದು, ತುಂಡು ಗಿಡ್ಡ ಎಂಬ ಚಿಂತೆಯೂ ಇಲ್ಲ. ಕಿಟ್‌ನ ಅರ್ಧ ಮೀಟರ್ ಪಟ್ಟಿಯನ್ನು ಉದ್ದಕ್ಕೂ ಎಳೆದು ಬ್ಲೇಡಿನಲ್ಲಿ ಸುಳ್ಳು ಗೀರು ಹಾಕುವವರು ನನ್ನ ಹಲ್ ನೋಡಿದ ಮೇಲೆ ಸುಮ್ಮನಾಗಿದ್ದಾರೆ.

ನೀಲಿ ತಿರುಗುವುದು ಮಾತ್ರ ನಿಜ. ಮೊದಲ ಕಂತು ಜುಲೈನಲ್ಲಿ ತಂದದ್ದು, ಹಸಿಯಾಗಿಯೇ ಮೂಲೆಯಲ್ಲಿ ಒರಗಿತ್ತು. ತಿಂಗಳಲ್ಲಿ ಒಳಗೆಲ್ಲ ಬೂದಿ ಬಣ್ಣದ ಗೆರೆ. ಎರಡೂವರೆ ಸಾವಿರದಷ್ಟು ಮಾಲು ಹೋಯಿತು. ಈಗ ಬೇಸಿಗೆಯಲ್ಲೇ ತರುತ್ತೇನೆ. ಅದೇ ದಿನ ಸೀಳಿಸಿ, ತುದಿಗಳಿಗೆ ಮೇಣ ಬಳಿದು, ನಡುವೆ ಕಡ್ಡಿ ಕೊಟ್ಟು ಫ್ಯಾನ್ ಕೆಳಗೆ ಪೇರಿಸುತ್ತೇನೆ. ಎರಡು-ಮೂರು ತಿಂಗಳು ಮುಟ್ಟುವಂತಿಲ್ಲ. ಹುಳಕ್ಕೆ ಸೀಳಿದ ದಿನವೇ ಇನ್ನೊಂದು ಉಪಚಾರ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಪಟ್ಟಿ 3 ಮಿಮೀ ಅಗಲ, 0.8 ಮಿಮೀ ದಪ್ಪ. ಸಾಮಾನ್ಯ ಗರಗಸದ ಬ್ಲೇಡಿನಲ್ಲಿ ಸೀಳಿದರೆ ಪಟ್ಟಿಗಿಂತ ಹೊಟ್ಟು ಜಾಸ್ತಿ. ಅರ್ಧ ಮಿಲಿಮೀಟರಿನ ಸ್ಲಿಟಿಂಗ್ ಬ್ಲೇಡ್‌ಗೆ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಇಡೀ ಕೆಲಸದಲ್ಲಿ ಹೊಟ್ಟೆ ಉರಿಯದ ಖರ್ಚು ಅದೊಂದೇ.

ಇನ್ನು ಬಗ್ಗಿಸುವುದು, ಜಗಳವೆಲ್ಲ ಇಲ್ಲೇ. ನೀರಲ್ಲಿ ನೆನೆಸು, ಅಮೋನಿಯಾ ಹಾಕು, ಹಬೆ ಕೊಡು ಅನ್ನುತ್ತಾರೆ. ನೆನೆಸಿದ ಪಟ್ಟಿ ಅಗಲಕ್ಕೆ ಉಬ್ಬುತ್ತದೆ. ಉಬ್ಬಿದ್ದನ್ನೇ ಅಂಟಿಸಿದರೆ ಮಾರ್ಚ್ ಬಂದಾಗ ಕುಗ್ಗಿ ಬಾಯಿ ಬಿಡುತ್ತದೆ. ಸಂದಿಗೆ ಪುಟ್ಟಿ ತುಂಬಿ ಪೇಂಟ್ ಬಳಿಯುವವರಿಗೆ ಅಡ್ಡಿಯಿಲ್ಲ, ನನಗೆ ಮರ ಕಾಣಬೇಕು. ನಾನು ಒಣಗಿದ್ದನ್ನೇ ಬಗ್ಗಿಸುತ್ತೇನೆ. ಮೂತಿಯ ತಿರುವಿನ ಅಚ್ಚನ್ನು ಎಂಡಿಎಫ್‌ನಲ್ಲಿ ಕತ್ತರಿಸಿ ಹಲಗೆಗೆ ಬಿಗಿದು, ಪಟ್ಟಿಯನ್ನು ಅದರ ಅಂಚಿಗೆ ಕ್ಲ್ಯಾಂಪ್ ಮಾಡಿ, ಮೇಲೆ ಇಸ್ತ್ರಿಪೆಟ್ಟಿ ಒತ್ತುವುದು. ಬಿಸಿ ಹತ್ತಿ ಬಟ್ಟೆಯ ಗುರುತಿಗಿಂತ ಒಂದು ಚೂರು ಕೆಳಗೆ, ಸುಮಾರು ಅರ್ಧ ನಿಮಿಷ. ಇಷ್ಟು ತೆಳು ಪಟ್ಟಿಗೆ ಮರದಲ್ಲೇ ಉಳಿದಿರುವ ತೇವ ಸಾಕು. ಕ್ಲ್ಯಾಂಪ್ ಬಿಚ್ಚುವ ಮುಂಚೆ ಪೂರ್ತಿ ಆರಬೇಕು, ಇಲ್ಲದಿದ್ದರೆ ಹಿಂದಕ್ಕೆ ಚಿಮ್ಮುತ್ತದೆ. ಅಚ್ಚಿನ ತಿರುವನ್ನೂ ಬೇಕಾದ್ದಕ್ಕಿಂತ ಹೆಚ್ಚು ಕೊಡಿ. ಎಷ್ಟು ಹೆಚ್ಚು ಅನ್ನುವುದು ನಿಮ್ಮ ಮರದ ಮೇಲೆ ಹೋಗುತ್ತದೆ, ನನಗೆ ಐದರಲ್ಲಿ ಒಂದು ಪಾಲು ಹಿಂದೆ ಬರುತ್ತಿತ್ತು. ಹತ್ತಕ್ಕೆ ಮೂರು ಪಟ್ಟಿ ಹಾಳಾಗುತ್ತವೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ವೇಲ್‌ಗಳ, ಅಂದರೆ ಹಲ್‌ನ ಬದಿಯ ದಪ್ಪ ಹಲಗೆ ಪಟ್ಟಿಗಳ, ಕಪ್ಪಿಗೆ ಪೇಂಟ್ ಮುಟ್ಟಲಿಲ್ಲ. ಕಲಂಕಾರಿಯವರು ಕಪ್ಪು ಬಣ್ಣಕ್ಕೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಹಾಕುತ್ತಾರಲ್ಲ, ಅದನ್ನೇ ಮಾಡಿದೆ. ಎರಡು-ಮೂರು ವಾರಕ್ಕೆ ತಯಾರು. ವಾಸನೆಗೆ ಡಬ್ಬವನ್ನು ತಾರಸಿಗೆ ಗಡೀಪಾರು ಮಾಡಿದರು ಮನೆಯವರು. ಆಲೆಯಲ್ಲಿ ಟ್ಯಾನಿನ್ ಕಡಿಮೆ, ಬರೀ ಕಬ್ಬಿಣದ ನೀರು ಬಳಿದರೆ ಕೊಳಕು ಬೂದಿ ಬಣ್ಣ. ಮೊದಲು ಅಳಲೆಕಾಯಿ ಕಷಾಯ ಬಳಿದು ಒಣಗಿಸಿ ಆಮೇಲೆ ಬಳಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಅಂಟಿಸುವ ಮುಂಚೆಯೇ ಬಳಿಯಿರಿ, ಪಕ್ಕದ ಹಲಗೆಗೆ ಇಳಿದರೆ ಎಮರಿ ಪೇಪರ್‌ಗೂ ಹೋಗಲ್ಲ.

ಹಲ್‌ನ ಕೆಳಭಾಗದ ತಾಮ್ರದ ಹೊದಿಕೆಗೆ ಹಿಂಬದಿಯಲ್ಲಿ ಅಂಟು ಇರುವ ತಾಮ್ರದ ಟೇಪ್ ಸಾಕು. ಅಸಲಿ ತಗಡು 4 ಅಡಿಗೆ 14 ಇಂಚು, ನಮಗೆ ಹೆಚ್ಚುಕಡಿಮೆ 13ಕ್ಕೆ 4 ಮಿಮೀ. ಹೊಳಪು ತೆಗೆಯಲು ಬೇಯಿಸಿದ ಮೊಟ್ಟೆಯನ್ನು ಕಿವುಚಿ ಟೇಪ್ ತುಂಡುಗಳ ಜೊತೆ ಡಬ್ಬದಲ್ಲಿ ಮುಚ್ಚಿಟ್ಟು ನೋಡಿದೆ. ಗಂಧಕದ ಅಂಶಕ್ಕೆ ಕಂದು ಬಣ್ಣ ಬಂತು, ಆದರೆ ಒಂದೊಂದು ತುಂಡು ಒಂದೊಂದು ಥರ. ಅಸಲಿಗೆ ಅದೇ ಚಂದ ಅಂತ ನಾನು, ಗಲೀಜು ಅಂತ ಗೆಳೆಯರು.

ಟ್ರೀನೇಲ್‌ಗೆ, ಅಂದರೆ ಹಲಗೆ ಹಿಡಿಯುವ ಮರದ ಮೊಳೆಗೆ, ಬಿದಿರೇ. ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಉಕ್ಕಿನ ಪಟ್ಟಿಯನ್ನು ಹಳೆಯದು ಒಂದು ಮುನ್ನೂರಕ್ಕೆ ಕೊಂಡೆ. ಸೀಳಿದ ಬಿದಿರ ಕಡ್ಡಿಯನ್ನು ದೊಡ್ಡ ತೂತಿನಿಂದ ಸಣ್ಣದಕ್ಕೆ ಎಳೆಯುತ್ತಾ ಅರ್ಧ ಮಿಲಿಮೀಟರ್‌ಗೆ ತರಬಹುದು. ಗೆಣ್ಣು ಇರುವ ತುಂಡು ತಗೊಂಡರೆ ಅಲ್ಲೇ ತುಂಡಾಗುತ್ತದೆ.

ಇಲ್ಲಿಯವರೆಗೆ ಹಾಳಾದ ಮರವೂ ಸೇರಿ ಹದಿನಾಲ್ಕು ಸಾವಿರದ ಒಳಗೆ ಮುಗಿದಿದೆ, ನಕ್ಷೆಯ ಪ್ರತಿಯ ದುಡ್ಡು ಬೇರೆ. ಮಾಸ್ಟ್‌ಗೆ (ಹಾಯಿಕಂಬ) ಮಾತ್ರ ಆಲೆ ನಂಬಬೇಡಿ: ತೆಳ್ಳಗೆ ಉದ್ದ ಉಜ್ಜಿದರೆ ವಾರದಲ್ಲಿ ಬಾಗುತ್ತದೆ. ಕೆಳಗಿನ ಮಾಸ್ಟ್‌ಗೆ ಹಳೇ ಕಿಟಕಿ ಚೌಕಟ್ಟಿನಿಂದ ತೆಗೆದ ಹೊನ್ನೆಯನ್ನು ಉಜ್ಜುತ್ತಿದ್ದೇನೆ, ಮೇಲಿನ ಯಾರ್ಡ್‌ಗಳಿಗೆ (ಹಾಯಿ ಕಟ್ಟುವ ಅಡ್ಡಗಳು) ಬಿದಿರು.